ನನ್ನ ಬಾಯಿ ಮಾರಾಟವಾದ ದಿನ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಕೊಕ್ಕೆಗೆ ಒಂದು ಕೆಂಪು ಚೌಕುಳಿ ಟವೆಲ್ ನೇತಾಡುತ್ತಿರುತ್ತದೆ. ಶಿರಾದ ಅಂಗಡಿಯದು. ವಿಶೇಷವೇನಿಲ್ಲ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಆದರೆ ನಮ್ಮದಕ್ಕೆ ಇಸ್ತ್ರಿ ಆಗಿದೆ. ಟವೆಲ್ಲಿಗೆ ಇಸ್ತ್ರಿ ಹಾಕುವ ಪದ್ಧತಿ ನಮ್ಮ ವಂಶದಲ್ಲಿ ಇಲ್ಲ; ನಮ್ಮಲ್ಲಿ ಮದುಮಗನ ಅಂಗಿಗೇ ಕೆಲವೊಮ್ಮೆ ಆಗಿರುವುದಿಲ್ಲ. ಎಷ್ಟು ಸಲ ಒಗೆದರೂ ಆ ಮಡಿಕೆಯ ಗೆರೆ ಪೂರ್ತಿ ಹೋಗಿಲ್ಲ. ಅಥವಾ ಎಂದೋ ಹೋಗಿದೆ, ನನ್ನ ಕಣ್ಣಿಗೆ ಮಾತ್ರ ಇನ್ನೂ ಕಾಣುತ್ತದೆ. ಎರಡನೆಯದೇ ಸರಿ ಎಂಬುದು ನನ್ನ ಹೆಂಡತಿ ಶಾಹಿದಾಳ ಅಭಿಪ್ರಾಯ.

ಟವೆಲ್ ಎಂದರೆ ಎಲ್ಲರಿಗೂ ಒರೆಸುವುದು ನೆನಪಾಗುತ್ತದೆ, ನನಗೆ ವ್ಯಾಪಾರ. ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ಶಿರಾ ಕಡೆಯ ಕುರಿಸಂತೆಗಳಲ್ಲಿ ದಲ್ಲಾಳಿಯಾಗಿದ್ದರು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ದರ ಕುದುರಿಸಿಕೊಡುವುದು ಅವರ ಕಸುಬು. ಹೊತ್ತು ಹುಟ್ಟಿದಾಗಿನಿಂದ ಅವರ ಬಾಯಿಗೆ ಬಿಡುವಿರುತ್ತಿರಲಿಲ್ಲ. ಕುರಿಯ ಹಲ್ಲು, ಕುರಿಯ ತಾಯಿಯ ಗುಣ, ಅದು ಮೇಯ್ದ ಬಯಲಿನ ಹುಲ್ಲು, ಆ ಬಯಲಿನ ಗೌಡನ ಎರಡನೇ ಮದುವೆ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು. ನನಗೆ ಕನ್ನಡ ಬಂದದ್ದು ದಾದಾರ ಬಾಯಿಂದ ಮತ್ತು ಅವರ ಗೆಳೆಯ, ಕುರಿ ಕಾಯುವ ನಿಂಗಜ್ಜನ ಬಾಯಿಂದ. ಇಬ್ಬರೂ ಬೇವಿನ ಮರದ ಕೆಳಗೆ ಕೂತು ಬೈದಾಡುತ್ತಿದ್ದ ಕನ್ನಡ ಕೇಳಿದವನಿಗೆ ಮೇಷ್ಟರು ಬೇಕಿರಲಿಲ್ಲ.

ಆದರೆ ದರ ಹೇಳುವ ಹೊತ್ತು ಬಂತೆಂದರೆ ದಾದಾ ಗಪ್ಪನೆ ಸುಮ್ಮನಾಗುತ್ತಿದ್ದರು. ಹೆಗಲ ಮೇಲಿನ ಟವೆಲ್ ತೆಗೆದು ಎದುರಿನವನ ಕೈಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸುತ್ತಿದ್ದರು. ಆಮೇಲೆ ಬೆರಳುಗಳದೇ ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಒತ್ತಿದರೆ ಐದು. ಆ ಒಂದು ಎಂದರೆ ಹತ್ತೋ ನೂರೋ ಎಂದು ನಾನು ಕೇಳಿದರೆ ತಲೆಗೆ ಮೊಟಕಿ, "ಕುರಿ ಮುಖ ನೋಡಿದ್ರೆ ಗೊತ್ತಾಗಲ್ವೇನೋ?" ಎನ್ನುತ್ತಿದ್ದರು. ಸುತ್ತ ಸಂತೆಗೆ ಸಂತೆಯೇ ಕುತ್ತಿಗೆ ಉದ್ದ ಮಾಡಿ ನಿಂತಿದ್ದರೂ ಒಳಗಿನ ದರ ಆ ಇಬ್ಬರಿಗೆ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಟವೆಲ್ಲಿನ ಒಳಗಿನದನ್ನು ಹೊರಗೆ ಆಡಿದ ದಲ್ಲಾಳಿಯ ಹತ್ತಿರ ಮರುವಾರ ಕುರಿಯೂ ಬರುವುದಿಲ್ಲ, ಮನುಷ್ಯನೂ ಬರುವುದಿಲ್ಲ. ನನಗೆ ದಾದಾರಿಂದ ಬಾಯಿ ಪೂರ್ತಿಯಾಗಿ ಬಂತು. ಆ ಟವೆಲ್ಲಿನ ಗುಣ ಬರಲಿಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ನಾನೀಗ ಇರುವ ನೆದರ್ಲ್ಯಾಂಡ್ಸ್‌ನ ರೈಲನ್ನು ಕೇಳಿ. ಯುಟ್ರೆಕ್ಟ್‌ನಿಂದ ನೈಮೆಗನ್ನಿನ ನಮ್ಮ ಕಚೇರಿಗೆ ಹೋಗುವ ರೈಲಿನಲ್ಲಿ ಸದ್ದು ಮಾಡಬಾರದ ಬೋಗಿ ಎಂದು ಒಂದಿರುತ್ತದೆ. ನನ್ನ ಸಹೋದ್ಯೋಗಿಗಳೆಲ್ಲ ಅದೇ ಬೋಗಿಯನ್ನು ಯಾಕೆ ಹತ್ತುತ್ತಾರೆ ಎಂದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಅಷ್ಟರಲ್ಲಿ ಕೋವಿಡ್ ಬಂತು, ರೈಲೂ ಇಲ್ಲ, ಕಚೇರಿಯೂ ಇಲ್ಲ. ನ್ಯೂವೆಗೈನ್‌ನ ಸಾಲುಮನೆಯೊಂದರಲ್ಲಿ, ಅಡುಗೆಮನೆಯ ಮೇಜಿನ ಮುಂದೆ ನಾನು, ಮಹಡಿಯ ಮೇಲೆ ಶಾಹಿದಾ, ನಡುಮನೆಯಲ್ಲಿ ಮಗಳು ಸಫಿಯಾ, ಮೂವರೂ ಮೂರು ಪರದೆಗಳ ಮುಂದೆ ಕೂತೆವು. ಪರದೆಯ ಜೊತೆ ಎಷ್ಟು ಅಂತ ಮಾತಾಡುವುದು?

ಆಗ ನನ್ನನ್ನು ಉಳಿಸಿದವರು ಪಕ್ಕದ ಮನೆಯ ಟೀನಕೆ. ಒಂಟಿ ಹೆಂಗಸು, ಎಂಬತ್ತರ ಹತ್ತಿರದ ವಯಸ್ಸು, ಒಂದು ಕಾಲದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವರು. ಇಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳದೆ "ಟೀನಕೆ ದಾದಿ" ಎಂದು ಅಜ್ಜಿಯನ್ನು ಕರೆದಂತೆ ಕರೆಯಲು ಶುರುಮಾಡಿದೆ; ಅದು ಅವರ ಮನೆತನದ ಹೆಸರೆಂದು ಬೀದಿಯ ಮಕ್ಕಳು ಇವತ್ತಿಗೂ ನಂಬಿದ್ದಾರೆ. ದಿನಾ ಬೆಳಗಿನ ಕಾಫಿಯ ಹೊತ್ತಿಗೆ ಅವರು ತಮ್ಮ ಹಿತ್ತಿಲ ಬೇಲಿಗೆ ಕಪ್ಪು ಹಿಡಿದು ಬರುವರು, ನಾನು ಚಹಾ ಹಿಡಿದು ಈಚೆ ನಿಲ್ಲುವೆನು. ನಡುವೆ ಸರ್ಕಾರ ಹೇಳಿದಷ್ಟು ಅಂತರ. ನನ್ನ ಡಚ್‌ನಲ್ಲಿ ಭೂತಕಾಲ ಇನ್ನೂ ಬಂದಿಲ್ಲ. ಹಾಗಾಗಿ ಸತ್ತು ಎಷ್ಟೋ ವರ್ಷವಾದ ನಮ್ಮ ದಾದಾ ಆ ಬೇಲಿಯ ಮೇಲೆ ಇನ್ನೂ ಕುರಿ ಮಾರುತ್ತಿದ್ದಾರೆ, ನಿಂಗಜ್ಜ ಇನ್ನೂ ಬೈಯುತ್ತಿದ್ದಾನೆ. ಟೀನಕೆ ಅವರಿಗೆ ಇಬ್ಬರೂ ಚೆನ್ನಾಗಿ ಪರಿಚಯ. ಟವೆಲ್ಲಿನ ಕಥೆಯಂತೂ ಬಾಯಿಪಾಠ.

ಸಫಿಯಾಳನ್ನು ಆ ಶಾಲೆಗೆ ಸೇರಿಸಿದ್ದೂ ಅವರ ಮಾತಿನ ಮೇಲೆಯೇ. ಅದು ಮೆನ್ನೊನೈಟರ ಪುಟ್ಟ ಶಾಲೆ. ಕ್ರೈಸ್ತರಲ್ಲಿ ಅವರದೊಂದು ಹಳೆಯ ಪಂಗಡ. ಟೀನಕೆ ಆ ಪಂಗಡದವರು. ಯುದ್ಧಕ್ಕೆ ಹೋಗುವುದಿಲ್ಲ, ಆಡಂಬರ ಮಾಡುವುದಿಲ್ಲ, ಕಷ್ಟದಲ್ಲಿರುವವರಿಗೆ ಊಟ, ಬಟ್ಟೆ, ಕಂಬಳಿ ಕಳಿಸುವುದನ್ನು ಮಾತ್ರ ಬಿಡುವುದಿಲ್ಲ. ಶಾಹಿದಾ ಹೋಗಿ ನೋಡಿಬಂದು, "ನಮ್ ಮನೆ ಥರಾನೇ ಇದೆ ಜೀ, ಬರೀ ಗಲಾಟೆ ಒಂದಿಲ್ಲ," ಎಂದಳು. ಗಲಾಟೆ ಎಂದರೆ ಯಾರೆಂದು ನಾನು ಕೇಳಲಿಲ್ಲ.

ಪ್ರತಿ ಶರತ್ಕಾಲದಲ್ಲಿ ಆ ಶಾಲೆಯ ಅಂಗಳದಲ್ಲಿ ಸಂತೆಯಾಗುತ್ತಿತ್ತು. ಮಕ್ಕಳು ಕೇಕು ಮಾರಿ, ಅಜ್ಜಿಯಂದಿರು ಹೊಲಿದದ್ದನ್ನು ಹರಾಜು ಹಾಕಿ, ಬಂದ ಹಣದಲ್ಲಿ ದೂರದ ನಿರಾಶ್ರಿತರ ಶಿಬಿರವೊಂದರ ಮಕ್ಕಳಿಗೆ ಚಳಿಗಾಲದ ಕಂಬಳಿ ಕಳಿಸುವುದು ರೂಢಿ. ಕೋವಿಡ್ ಕಾಲದಲ್ಲಿ ಸಂತೆ ಎಲ್ಲಿಂದ ಬರಬೇಕು? ಚಳಿಗೆ ಅದು ಗೊತ್ತಿಲ್ಲವಲ್ಲ, ಅದು ತನ್ನ ಪಾಡಿಗೆ ಬರುತ್ತದೆ. ಆದ್ದರಿಂದ ಸಫಿಯಾಳ ಟೀಚರಮ್ಮ (ಇಲ್ಲಿಯವರ ಬಾಯಲ್ಲಿ "ಯುಫ್") ಪ್ರತಿ ಮಗುವೂ ಮನೆಯಲ್ಲಿದ್ದುಕೊಂಡೇ ಏನಾದರೊಂದು ಮಾಡಿ ಹಣ ಕೂಡಿಸಬೇಕು ಎಂದರು.

ಮಕ್ಕಳ ತಲೆ ನೋಡಿ. ಒಬ್ಬ ತನ್ನ ಹಿತ್ತಿಲಲ್ಲೇ ದಿನವಿಡೀ ಸೈಕಲ್ ಸುತ್ತುತ್ತೇನೆ, ಸುತ್ತಿಗಿಷ್ಟು ಎಂದು ಕೊಡಿ ಎಂದ. ಒಬ್ಬಳು ಕೇಳಿದವರ ಹೆಸರಿಗೆ ಪದ್ಯ ಬರೆದು ಅವರ ಅಂಚೆಡಬ್ಬಿಗೆ ಹಾಕಿಬರುತ್ತೇನೆ ಎಂದಳು. ಅವಳಿಜವಳಿ ಇಬ್ಬರು ತಮ್ಮ ಅಪ್ಪನ ಗಡ್ಡಕ್ಕೆ ಯಾವ ಬಣ್ಣ ಬಳಿಯಬೇಕೆಂಬುದನ್ನೇ ಹರಾಜಿಗಿಟ್ಟರು. ನಾನು ಈರುಳ್ಳಿ ಹೆಚ್ಚುತ್ತ ನಡುಮನೆಯ ಲ್ಯಾಪ್‌ಟಾಪಿನಿಂದ ಬರುತ್ತಿದ್ದ ಈ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ಸಫಿಯಾ ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಮೂರು ಭಾಷೆ ಬರುತ್ತದೆ, ಮೂರರಲ್ಲೂ ಸುಮ್ಮನಿರುತ್ತಾಳೆ. ಅವಳ ಪಾಲಿನ ಮಾತನ್ನೂ ಮನೆಯಲ್ಲಿ ನಾನೇ ಮುಗಿಸಿಬಿಡುತ್ತೇನೆ ಎಂದು ಶಾಹಿದಾ ದೂರುವುದುಂಟು. ಅಂಥವಳು ಆ ದಿನ ಗಂಟಲು ಸರಿಮಾಡಿಕೊಂಡು ಡಚ್‌ನಲ್ಲಿ ಸ್ಪಷ್ಟವಾಗಿ ಹೇಳಿದಳು: "ನಮ್ಮಪ್ಪ ಒಂದು ಇಡೀ ದಿನ ಮಾತಾಡದೆ ಇರುತ್ತಾರೆ."

ಯುಫ್ ಬಹಳ ಮೃದುವಾಗಿ, ಅಪ್ಪನನ್ನು ಕೇಳಿದೆಯಾ ಎಂದು ವಿಚಾರಿಸಿದರು. ಪೋಷಕರ ಹತ್ತು ನಿಮಿಷದ ಭೇಟಿಗೆ ಹೋಗಿ ಮುಂದಿನ ಮೂವರು ಪೋಷಕರ ಸರದಿಯನ್ನೂ ತಿಂದು ಬಂದವನು ನಾನು; ಅವರಿಗೆ ವಿಷಯ ಗೊತ್ತಿತ್ತು. ಸಫಿಯಾ ನನ್ನ ಕಡೆ ತಿರುಗಿ ನೋಡಿದಳು. ಕಣ್ಣಲ್ಲಿ ನೀರು ನನಗೇ ಇತ್ತು, ಈರುಳ್ಳಿಯದು. ನಾನು ತಲೆಯಾಡಿಸಿದೆ.

ಸಂಜೆ ಅವಳು ನನ್ನನ್ನು ಕೂರಿಸಿಕೊಂಡು ಕರಾರು ಹೇಳಿದಳು. ಶನಿವಾರ ಬೆಳಗಿನ ತಿಂಡಿಯಿಂದ ಸಂಜೆ ಚರ್ಚಿನ ಗಂಟೆ ಹೊಡೆಯುವ ತನಕ ಒಂದು ಮಾತೂ ಇಲ್ಲ. ಬರೆದು ತೋರಿಸುವಂತಿಲ್ಲ, ಗುನುಗುವಂತಿಲ್ಲ. ಒಂದು ಮಾತು ಬಿದ್ದರೂ ಯಾರೂ ಏನೂ ಕೊಡಬೇಕಾಗಿಲ್ಲ. ನಾನು ಎದೆ ಮುಟ್ಟಿಕೊಂಡು, "ಅಲ್ಲಾ ಕಸಂ ಬೇಟಾ, ಒಂದ್ ಅಕ್ಷರ ಆಡಲ್ಲ," ಎಂದೆ. ನಮ್ಮ ಕಡೆ ಆಣೆಯಿಲ್ಲದೆ ಮಾತು ನಿಲ್ಲುವುದಿಲ್ಲ. ದಾದಾ ಕುರಿಯ ಮೇಲೆ ಆಣೆ ಇಡುತ್ತಿದ್ದರು, ನಿಂಗಜ್ಜ ದಾದಾರ ಮೇಲೆ ಇಡುತ್ತಿದ್ದ.

"ಕಸಂ ಬೇಡ ಅಬ್ಬಾ," ಎಂದಳು ಸಫಿಯಾ. "ನಮ್ ಸ್ಕೂಲಲ್ಲಿ ಆಣೆ ಇಡಲ್ಲ. ಕಸಂ ಹಾಕಿದ್ರೆ, ಹಾಕದೇ ಇದ್ದಾಗ ಸುಳ್ಳು ಹೇಳ್ತೀವಿ ಅಂತ ಆಗುತ್ತಂತೆ. ಜಸ್ಟ್ ಸೇ ಯೆಸ್."

"ಹೌದು," ಎಂದೆ. ಬರೀ ಹೌದು. ಮೇಲೊಂದು ಆಣೆಯಿಲ್ಲದೆ, ಲುಂಗಿಯಿಲ್ಲದೆ ಬೀದಿಗೆ ಬಂದಂತಾಯಿತು.

ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಅವಳು ಸುದ್ದಿ ಹಾಕಿದ್ದೇ ತಡ, ಜನ ಮುಗಿಬಿದ್ದರು. ಹಾದಿಯಲ್ಲಿ ಸಿಕ್ಕರೆ ಗಡಿಯಾರ ನೋಡಿಕೊಳ್ಳುವ ಎದುರುಮನೆಯಾತ ಎಲ್ಲರಿಗಿಂತ ಮೊದಲು ಬರೆಸಿದ. ಸದ್ದಿಲ್ಲದ ಬೋಗಿಯ ಸಹೋದ್ಯೋಗಿಗಳು ಒಟ್ಟಾಗಿ ಬಂದರು. ಶಾಹಿದಾ, ಮದುವೆಯಾದಾಗಿನಿಂದ ಸೇರಿಸಿ ಕೊಡುತ್ತೇನೆ ಎಂದಳು. ಇಷ್ಟು ಜನರಿಗೆ ನಾನು ಬೇಕಾದವನು ಎಂದು ನನಗೆ ತಿಳಿದಿರಲೇ ಇಲ್ಲ.

ಇಲ್ಲ ಎಂದವರು ಒಬ್ಬರೇ, ಟೀನಕೆ. ಬೇಲಿಯ ಹತ್ತಿರ ಹೋಗಿ ಕೇಳಿದ ಸಫಿಯಾಳಿಗೆ, "ಮನುಷ್ಯ ಬಾಯಿ ಮುಚ್ಚುವುದಕ್ಕೆ ನಾನು ದುಡ್ಡು ಕೊಡುವುದಿಲ್ಲ, ಬೇರೇನಾದರೂ ಮಾರು," ಎಂದುಬಿಟ್ಟರಂತೆ. ಮಗು ಮುಖ ಚಿಕ್ಕದು ಮಾಡಿಕೊಂಡು ಒಳಗೆ ಬಂದಳು. ಕೈಹಿಡಿದು ಆ ಶಾಲೆಗೆ ಕರೆದೊಯ್ದವರೇ ಹಾಗೆಂದರಲ್ಲ ಎಂಬುದು ಅವಳ ದುಃಖ. ಜೀವನದಲ್ಲಿ ಮೊದಲ ಸಲ ಹತ್ತು ಜನರ ಮುಂದೆ ಒಂದು ಮಾತು ಕೊಟ್ಟಿದ್ದಳು, ಅದೂ ನನ್ನ ನಾಲಿಗೆಯ ಮೇಲೆ. ಏನೇ ಆಗಲಿ, ಅದನ್ನು ಉಳಿಸಬೇಕು ಎಂದು ಆಗಲೇ ಹಲ್ಲು ಕಚ್ಚಿದೆ.

ಶನಿವಾರ ಬಂತು. ಅಭ್ಯಾಸದಂತೆ ಹೆಗಲಿಗೆ ಈ ಟವೆಲ್ ಹಾಕಿಕೊಂಡು ಪಾತ್ರೆ ತೊಳೆಯಲು ನಿಂತೆ. ಸುಮ್ಮನಿರುವುದು ಕಷ್ಟವಲ್ಲ ಎಂದುಕೊಂಡಿದ್ದೆ. ಮಾತು ಬಾಯಿಂದ ಹೊರಡುವುದಲ್ಲ, ಹೊಟ್ಟೆಯಿಂದ ಏಳುವುದು ಎಂದು ತಿಳಿದದ್ದು ಅವತ್ತು. ಯುಟ್ರೆಕ್ಟ್‌ನಲ್ಲಿರುವ ಮೈಸೂರಿನ ಗೆಳೆಯ ಪ್ರಸಾದ ಬೇಕೆಂದೇ ವಿಡಿಯೊ ಕರೆ ಮಾಡಿ, "ಗುರುವೇ, ಇವತ್ತು ಬಿರಿಯಾನಿ ಮಾಡಿದ್ವಿ, ಸ್ವಲ್ಪ ಟೊಮೆಟೊ ಸಾಸ್ ಹಾಕಿದ್ವಿ, ಸೂಪರ್ ಆಗಿದೆ," ಎಂದ. ನಾನು ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಅವನು ಮೇಲೆ ಸ್ವಲ್ಪ ಸಕ್ಕರೆ ಹಾಕಿದ್ದನ್ನೂ ಹೇಳಿದ. ಇನ್ನಷ್ಟು ತುರುಕಿಕೊಂಡೆ.

ಒಂದು ವಿನಾಯಿತಿ ಇತ್ತು. ನಮಾಜಿನ ಮಾತು ಏನು ಮಾಡುವುದೆಂದು ಸಫಿಯಾ ಮೊದಲೇ ಕೇಳಿದ್ದಳು. ದೇವರ ಜೊತೆ ಆಡುವ ಮಾತು ಲೆಕ್ಕಕ್ಕಿಲ್ಲ ಎಂದು ಯುಫ್ ತೀರ್ಪು ಕೊಟ್ಟಿದ್ದರು. ಅವತ್ತಿನ ನನ್ನ ನಮಾಜು ಮುಗಿಯಲೇ ಇಲ್ಲ. ಮೊಣಕಾಲು ನೋಯುವ ತನಕ ದುವಾ ಕೇಳಿದೆ, ಬೀದಿಯವರಿಗೆಲ್ಲ ಹೆಸರು ಹೇಳಿ ಕೇಳಿದೆ. ರಂಜಾನಿನಲ್ಲೂ ಕಾಣದ ಭಕ್ತಿ ಇದೆಲ್ಲಿಂದ ಬಂತು ಎಂದು ಶಾಹಿದಾ ಬಾಗಿಲಲ್ಲಿ ನಿಂತು ನಕ್ಕಳು.

ಬೆಳಗಿನ ಕಾಫಿಯ ಹೊತ್ತಿಗೆ ಟೀನಕೆ ಬೇಲಿಗೆ ಬಂದಿರಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ಕಳೆದ ಮೇಲೆ ಅವರ ಸೈಕಲ್ಲಿನ ಸದ್ದಾಯಿತು. ಕೋಟು ಕೂಡ ತೆಗೆಯದೆ ನೇರ ಹಿತ್ತಿಲಿಗೆ ಬಂದು ಬೇಲಿ ಹಿಡಿದು ನಿಂತರು. ಕೈಯಲ್ಲಿ ಕಪ್ಪಿಲ್ಲ. ನಾನು ಈಚೆ ಹೋಗಿ ನಿಂತೆ.

ಅವರ ಅಕ್ಕ ಯಾನಿ ಊರ ಹೊರಗಿನ ವೃದ್ಧರ ಆರೈಕೆ ಮನೆಯೊಂದರಲ್ಲಿದ್ದರು. ಕೋವಿಡ್ ಬಂದಾಗಿನಿಂದ ಒಳಗೆ ಬಿಡುತ್ತಿರಲಿಲ್ಲ. ಹೋದವರು ಹೊರಗೆ ಹೂಪಾತಿಯಲ್ಲಿ ನಿಂತು ಕಿಟಕಿಯ ಗಾಜಿನಿಂದ ನೋಡಿ ಬರಬೇಕು. ಯಾನಿಗೆ ಕಿವಿ ಕೇಳುವುದಿಲ್ಲ, ಮಾಸ್ಕ್ ಹಾಕಿದ ಮುಖದ ಗುರುತೂ ಸಿಗುವುದಿಲ್ಲ. ಇಷ್ಟನ್ನೂ ನಾನು ತಿಳಿದದ್ದು ಆ ದಿನವೇ. ಅಷ್ಟು ಕಾಲ ಬೇಲಿಗೆ ಆತು ಮಾತಾಡಿ ನನಗೆ ಟೀನಕೆ ಅವರ ಬಗ್ಗೆ ಗೊತ್ತಿದ್ದದ್ದು ಅವರ ಕಾಫಿ ಕಪ್ಪಿನ ಬಣ್ಣ.

"ಇವತ್ತು ಹೋಗಿ ಅವಳ ಕಿಟಕಿಗೆ ನಿಂತು ಒಂದೇ ಸಮ ಮಾತಾಡಿದೆ," ಎಂದರು. "ಅವಳು ನನ್ನ ಹಿಂದೆ ಇದ್ದ ಮರ ನೋಡುತ್ತಿದ್ದಳು. ಯಾರಾದರೂ ನನ್ನ ಜೊತೆ ಮಾತಾಡಲಿ ಅಂತ ಮನೆಗೆ ಬಂದೆ. ನೋಡಿದರೆ ಇವತ್ತು ನಿನ್ನನ್ನೂ ಮಾರಿಬಿಟ್ಟಿದ್ದಾರೆ."

ನನ್ನ ಬಾಯಿ ತಾನಾಗಿ ತೆರೆಯಿತು. ಯಾವ ಮಾತು ಬರುತ್ತಿತ್ತೋ ಗೊತ್ತಿಲ್ಲ, ದಾದಿ ಎಂಬುದಂತೂ ನಾಲಿಗೆಯ ತುದಿಗೆ ಬಂದಿತ್ತು. ಆಗ ಮಹಡಿಯ ಕಿಟಕಿಯಲ್ಲಿ ಸಫಿಯಾ ಕಂಡಳು. ಎರಡೂ ಅಂಗೈ ಗಾಜಿಗೆ ಒತ್ತಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ತೆರೆದ ಬಾಯಿ ಮಾತ್ರ. ಒಂದು ಕಡೆ ಒಂದು ಮಾತಿಗೆ ಕಾದು ನಿಂತ ಮುದುಕಿ, ಇನ್ನೊಂದು ಕಡೆ ಆ ಒಂದು ಮಾತು ಬೀಳದಿರಲಿ ಎಂದು ಉಸಿರು ಹಿಡಿದ ಮಗು. ಸಂತೆಯಲ್ಲಿ ಇಬ್ಬರ ನಡುವೆ ನಿಲ್ಲುವುದು ದಾದಾರಿಗೆ ನಿತ್ಯದ ಕೆಲಸ. ನನಗೆ ಅದೇ ಮೊದಲು.

ಟೀನಕೆ ನನ್ನ ನೋಟ ಹೋದತ್ತ ತಿರುಗಿ ಕಿಟಕಿಯನ್ನು ಕಂಡರು. "ಬಾಯಿ ಮುಚ್ಚು," ಎಂದರು. "ಹೌದು ಅಂದಿದ್ದೀಯಲ್ಲ, ಮುಗಿಯಿತು. ನಾನು ಮಾತಾಡುತ್ತೇನೆ."

ಮಾತಾಡಿದರು. ಯಾನಿ ತಮಗೆ ಈಜು ಕಲಿಸಿದ್ದು, ಕಾಲುವೆಗೆ ತಳ್ಳಿ ದಡದಲ್ಲಿ ನಿಂತು ಸೇಬು ತಿಂದದ್ದು, ಇಬ್ಬರೂ ಒಬ್ಬನನ್ನೇ ಇಷ್ಟಪಟ್ಟು ಅವನು ಮೂರನೆಯವಳನ್ನು ಮದುವೆಯಾದದ್ದು. ನಡುವೆ ನನಗೆ ಹೇಳಲು ಎಷ್ಟು ಕಥೆ ನೆನಪಾದವು ಎಂದರೆ ಹೊಟ್ಟೆ ಉಬ್ಬರಿಸಿತು. ಟವೆಲ್ ಕಚ್ಚಿಕೊಂಡು ನಿಂತೆ. ಬಿಸಿಲು ಬೇಲಿಯ ಆಚೆಯಿಂದ ಈಚೆಗೆ ಬಂತು. ಕೊನೆಗೆ ಅವರು ಮಾತು ನಿಲ್ಲಿಸಿ ನನ್ನ ಬಾಯಿಯಲ್ಲಿದ್ದ ಟವೆಲ್ಲಿನ ಕಡೆ ಬೆರಳು ತೋರಿಸಿದರು.

"ನಿನ್ನ ಅಜ್ಜನ ಆ ಬಟ್ಟೆ ಇಲ್ಲಿ ಹಾಸು."

ನನಗೆ ತಕ್ಷಣ ತಿಳಿಯಲಿಲ್ಲ. ಅವರು ಆಗಲೇ ಗುಲಾಬಿ ಕತ್ತರಿಸುವಾಗ ಹಾಕುವ ದಪ್ಪ ಕೈಗವಸು ಏರಿಸುತ್ತಿದ್ದರು. ನಾನು ಒಳಗೆ ಓಡಿ ಪಾತ್ರೆ ತೊಳೆಯುವ ಹಳದಿ ಗವಸು ಹಾಕಿಕೊಂಡು ಬಂದೆ. ಬೇಲಿಯ ಮೇಲೆ ಟವೆಲ್ ಹಾಸಿದೆ. ಇಬ್ಬರೂ ಮುಖ ಅತ್ತಿತ್ತ ತಿರುಗಿಸಿಕೊಂಡು ಕೈ ತೂರಿಸಿದೆವು. ಸರ್ಕಾರಕ್ಕೆ ನಾವು ಕೊಟ್ಟ ಗೌರವ ಅಷ್ಟು.

ಅವರ ಬೆರಳುಗಳು ನನ್ನ ಬೆರಳುಗಳನ್ನು ಹುಡುಕಿ ಹಿಡಿದವು. ಹತ್ತೋ ನೂರೋ ಎಂದು ಓರೆಗಣ್ಣಲ್ಲಿ ಅವರ ಮುಖ ನೋಡಿದೆ, ಗೊತ್ತಾಯಿತು. ಪಿಂಚಣಿಯಲ್ಲಿ ಬದುಕುವ ಜೀವಕ್ಕೆ ಅದು ಹೆಚ್ಚಾಯಿತೆಂದು ನಾನು ಕಮ್ಮಿ ಬೆರಳು ಹಿಡಿದೆ. ಅವರು ಹುಬ್ಬು ಗಂಟಿಕ್ಕಿ ಇನ್ನೊಂದು ಬೆರಳು ಸೇರಿಸಿದರು. ನಾನು ತಲೆಯಲ್ಲಾಡಿಸಿ ಮತ್ತೆ ಇಳಿಸಿದೆ. ಅವರು ಮತ್ತೆ ಏರಿಸಿದರು. ಕೊಳ್ಳುವವಳು ಏರಿಸುತ್ತಾಳೆ, ಮಾರುವವನು ಇಳಿಸುತ್ತಾನೆ. ದಾದಾ ನೋಡಿದ್ದರೆ ಇಬ್ಬರನ್ನೂ ಸಂತೆಯಿಂದ ಹೊರಗೆ ಅಟ್ಟುತ್ತಿದ್ದರು. ಮಕ್ಕಳನ್ನು ನೀರಿನಿಂದ ಎತ್ತಿ ಎತ್ತಿ ಗಟ್ಟಿಯಾದ ಕೈ ಅದು, ನನ್ನದು ಕೀಲಿಮಣೆ ಒತ್ತಿದ ಕೈ. ಕೊನೆಗೆ ಅವರು ನನ್ನ ಬೆರಳುಗಳನ್ನು ಹಿಂಡಿ ಹಿಡಿದುಬಿಟ್ಟರು, ನಾನು ಸೋತೆ.

ದರ ಮುಗಿದ ಮೇಲೆ ಕೈ ಬಿಡುವುದು ಸಂತೆಯ ಕ್ರಮ. ಅವರು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಎರಡು ಗವಸುಗಳ ಆಚೆಯೂ ಆ ಕೈಯ ಬಿಸಿ ತಿಳಿಯುತ್ತಿತ್ತು. ಆ ಕೈಯನ್ನು ಕೋವಿಡ್ ಬಂದ ಮೇಲೆ ಯಾರೂ ಹಿಡಿದಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

"ಬಾಯಿ ಮುಚ್ಚುವುದಕ್ಕೆ ದುಡ್ಡು ಕೊಡುವುದಿಲ್ಲ ಅಂದಿದ್ದೆ, ಈಗಲೂ ಕೊಡುವುದಿಲ್ಲ," ಎಂದರು ಟೀನಕೆ, ಮೂಗು ಒರೆಸಿಕೊಳ್ಳುತ್ತ. "ಇದು ಕಂಬಳಿಗೆ. ಶಾಲೆಗೆ ನಾನೇ ತಲುಪಿಸುತ್ತೇನೆ." ಆಮೇಲೆ ಟವೆಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡು, ಇದು ಕೆಲವು ದಿನ ನನಗೆ ಬೇಕು ಎಂದು ಒಳಗೆ ಹೊರಟುಹೋದರು. ಬೇಡವೆನ್ನಲು ನನಗೆ ಬಾಯಿಯಿರಲಿಲ್ಲ.

ಸಂಜೆ ಚರ್ಚಿನ ಗಂಟೆ ಹೊಡೆಯಿತು. ಶಾಹಿದಾ ಫೋನು ಹಿಡಿದು ನನ್ನ ಮೊದಲ ಮಾತನ್ನು ಚಿತ್ರೀಕರಿಸಲು ಸಿದ್ಧಳಾಗಿದ್ದಳು. ಅಷ್ಟು ಹೊತ್ತು ಕೂಡಿಟ್ಟದ್ದರಲ್ಲಿ ಯಾವುದನ್ನು ಮೊದಲು ಆಡುವುದೆಂದು ತಿಳಿಯದೆ, "ಸಾರಿಗೆ ಉಪ್ಪು ಸಾಲದು," ಎಂದೆ. ಬೀದಿಯ ಗುಂಪಿನಲ್ಲಿ ಅದಕ್ಕೆ ಬಂದ ಚಪ್ಪಾಳೆ ನನ್ನ ಬೇರೆ ಯಾವ ಮಾತಿಗೂ ಬಂದಿಲ್ಲ. ಸಫಿಯಾ ನನ್ನ ತೋಳಿಗೆ ತಲೆಯಿಟ್ಟು ನಿಂತಿದ್ದಳು. ಆಮೇಲೆ ನನ್ನ ಚಪ್ಪಲಿ ತಂದು ಮುಂದಿಟ್ಟಳು. "ಟೀನಕೆ ದಾದಿ ಹತ್ರ ಹೋಗಿ ಅಬ್ಬಾ. ಇವತ್ತಿನ ಮಾತೆಲ್ಲ ಅವರಿಗೆ ಹೇಳಿ."

ಹೋದೆ. ಅವರು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡರು, ನಾನು ಬೀದಿಯಲ್ಲಿ ನಿಂತೆ. ಟೊಮೆಟೊ ಸಾಸಿನಿಂದ ಶುರುಮಾಡಿದೆ.

ಎಷ್ಟೋ ವಾರಗಳ ಮೇಲೆ, ಗವಸು ಗೌನು ತೊಟ್ಟವರನ್ನು ಆರೈಕೆ ಮನೆಯ ಒಳಗೆ ಬಿಡತೊಡಗಿದಾಗ, ಟೀನಕೆ ಈ ಟವೆಲ್ಲನ್ನು ಒಯ್ದು ಅಕ್ಕನ ಮಡಿಲ ಮೇಲೆ ಹಾಸಿದರಂತೆ. ಬಂದು ಅವರು ಹೇಳಿದ್ದು ಇಷ್ಟೇ: "ಯಾನಿ ಬಹಳ ಚೌಕಾಸಿ ಮಾಡಿದಳು." ಮರುದಿನ ನಮ್ಮ ಬಾಗಿಲಲ್ಲಿ ಕಾಗದ ಸುತ್ತಿದ ಪೊಟ್ಟಣವಿತ್ತು. ಒಗೆದು, ಇಸ್ತ್ರಿ ಮಾಡಿ, ಮೂಲೆಗೆ ಮೂಲೆ ಕೂಡಿಸಿ ಮಡಿಸಿದ ಟವೆಲ್.

ಕಂಬಳಿಗಳು ಹೋಗಬೇಕಾದಲ್ಲಿಗೆ ಹೋದವು. ಸಫಿಯಾ ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ, ಮಾತೂ ಬೆಳೆದಿದೆ. ಆ ದಿನ ಟೀನಕೆ ದಾದಿ ಎಷ್ಟಕ್ಕೆ ಒಪ್ಪಿದರು ಎಂದು ಇವತ್ತಿಗೂ ಬಿಡದೆ ಕೇಳುತ್ತಾಳೆ. ಶಾಹಿದಾ ಕೇಳಿ ಸೋತಿದ್ದಾಳೆ. ಪ್ರಸಾದ ಸಕ್ಕರೆ ಹಾಕಿದ ಬಿರಿಯಾನಿಯನ್ನೇ ಕಟ್ಟಿಕೊಂಡು ಬಂದು ಕೇಳಿದ. ಮನೆಯದು, ಕಚೇರಿಯದು, ದಾ‌ದಾರ ಕುರಿಗಳದು, ಗೌಡನ ಎರಡನೇ ಮದುವೆಯದು, ಎಲ್ಲವನ್ನೂ ಊರಿಗೆಲ್ಲ ಹಂಚಿದವನು ನಾನು. ನಿಮ್ಮಿಂದಲೂ ಇಲ್ಲಿಯವರೆಗೆ ಏನನ್ನೂ ಮುಚ್ಚಿಡಲಿಲ್ಲ.

ಅದೊಂದನ್ನು ಮಾತ್ರ ಹೇಳುವುದಿಲ್ಲ.